ಇಪ್ಪತ್ತನಾಲ್ಕು ಗಂಟೆಯ ಹೊಟೇಲೂ ಕೆಲಸಗಾರನ ಹೃದಯವೂ

2025ರ ಅಕ್ಟೋಬರ್ ತಿಂಗಳ ಆರಂಭದಲ್ಲಿ ಮಹಾರಾಷ್ಟ್ರ ಸರಕಾರವು ಒಂದು ಆದೇಶವನ್ನು ಹೊರಡಿಸಿ, ಮದ್ಯ ಮಾರುವ ಹಾಗೂ ಬಡಿಸುವ ಸ್ಥಳಗಳನ್ನು ಬಿಟ್ಟರೆ ರಾಜ್ಯದ ಅಂಗಡಿಗಳೂ ಉಪಾಹಾರಗೃಹಗಳೂ ದಿನದ 24 ಗಂಟೆಯೂ ಬಾಗಿಲು ತೆರೆದಿರಬಹುದೆಂದು ಸ್ಪಷ್ಟಪಡಿಸಿತು. ಅದಕ್ಕೆ ಒಂದು ತಿಂಗಳು ಮೊದಲು, ಸೆಪ್ಟೆಂಬರಿನಲ್ಲಿ, ಅಂಗಡಿ ಮತ್ತು ಇತರ ಸಂಸ್ಥೆಗಳಲ್ಲಿ ದಿನದ ದುಡಿಮೆಯ ಮಿತಿಯನ್ನು 9 ಗಂಟೆಯಿಂದ 10 ಗಂಟೆಗೂ, ಮೂರು ತಿಂಗಳ ಹೆಚ್ಚುವರಿ ದುಡಿಮೆಯ ಮಿತಿಯನ್ನು 125 ಗಂಟೆಯಿಂದ 144 ಗಂಟೆಗೂ ಏರಿಸಲು ರಾಜ್ಯದ ಸಚಿವ ಸಂಪುಟವು ಒಪ್ಪಿಗೆ ಕೊಟ್ಟಿತ್ತು. ಈ ಎರಡನ್ನೂ ಹೆಚ್ಚಿನವರು ವ್ಯಾಪಾರದ ಸುದ್ದಿಯೆಂದು ಓದಿ ಪುಟ ಮಗುಚಿದರು. ಇವು ಆರೋಗ್ಯದ ಸುದ್ದಿಗಳೂ ಹೌದೆಂಬುದು ನಮ್ಮ ಅಭಿಪ್ರಾಯ. ಅದರಲ್ಲಿಯೂ, ಊರು ಬಿಟ್ಟು ಬಂದು ಹೊಟೇಲಿನ ಒಲೆಯ ಮುಂದೆಯೋ ಕಚೇರಿಯ ಮೇಜಿನ ಮುಂದೆಯೋ ಬಾಳು ಸವೆಸುತ್ತಿರುವ ನಮ್ಮವರಿಗೆ ಇವು ಎದೆಗೆ ತೀರ ಹತ್ತಿರದ ಸುದ್ದಿಗಳು.

ಮುಂಬಯಿಯಲ್ಲಿ ಈ ಕಾನೂನಿನ ಪರವಾನೆಯನ್ನು 'ಗುಮಾಸ್ತಾ' ಎಂದು ಕರೆಯುವುದು ರೂಢಿ. ಗೋಡೆಯ ಮೇಲೆ ಚೌಕಟ್ಟಿನೊಳಗೆ ತೂಗುವ ಗುಮಾಸ್ತಾವನ್ನು ಕಾಣದ ಹೊಟೇಲು ಕೆಲಸಗಾರನಿಲ್ಲ. ಆದರೆ ಅದರ ಹಿಂದಿರುವ ಕಾಯಿದೆಯಲ್ಲಿ ತನ್ನ ಪಾಲಿಗೆ ಏನು ಬರೆದಿದೆಯೆಂದು ಓದಿಕೊಂಡವನು ಅಪರೂಪ. 1948ರ ಮುಂಬಯಿ ಕಾಯಿದೆಯು ಅಂಗಡಿ, ಹೊಟೇಲುಗಳು ಎಷ್ಟು ಹೊತ್ತಿಗೆ ತೆರೆಯಬೇಕು, ಎಷ್ಟು ಹೊತ್ತಿಗೆ ಮುಚ್ಚಬೇಕು ಎಂಬುದಕ್ಕೇ ಗೆರೆ ಎಳೆದಿತ್ತು. ಗಿರಾಕಿಗೆ ಅದರಿಂದ ಅಡಚಣೆ, ಯಜಮಾನನಿಗೆ ನಷ್ಟ. ಆದರೆ ಮಾಣಿಗೆ ಅದೊಂದು ರಕ್ಷೆಯಾಗಿತ್ತು. ಬಾಗಿಲು ಮುಚ್ಚಿ, ನೆಲ ತೊಳೆದ ಮೇಲಲ್ಲವೆ ಅವನು ಬೆಂಚುಗಳನ್ನು ಜೋಡಿಸಿ ಮೈಚೆಲ್ಲುತ್ತಿದ್ದುದು? 2017ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯು ಆ ಗೆರೆಯನ್ನು ಅಳಿಸಿತು. 2020ರ ಜನವರಿ 27ರಿಂದ ಮುಂಬಯಿಯ ಕೆಲವು ಭಾಗಗಳಲ್ಲಿ ಇರುಳು ವ್ಯಾಪಾರವನ್ನು ಆರಂಭಿಸಲಾಯಿತು. ಎರಡು ತಿಂಗಳೊಳಗೆ ಮಹಾಮಾರಿ ಬಂದು ಇಡೀ ನಗರವೇ ಬಾಗಿಲು ಹಾಕಿತೆಂಬುದು ಬೇರೆ ಮಾತು.

ನಾವು ಇರುಳು ವ್ಯಾಪಾರದ ವಿರೋಧಿಗಳಲ್ಲ. ನಡುರಾತ್ರಿ ಗಾಡಿಯಿಂದಿಳಿದ ಪ್ರಯಾಣಿಕನಿಗೆ, ಆಸ್ಪತ್ರೆಯ ಜಗಲಿಯಲ್ಲಿ ಕಾಯುವ ರೋಗಿಯ ಬಂಧುವಿಗೆ, ಪಾಳಿ ಮುಗಿಸಿದ ಗಿರಣಿಯವನಿಗೆ ಒಂದು ಲೋಟ ಬಿಸಿ ಚಹ ಸಿಗುವುದು ಪುಣ್ಯದ ಕೆಲಸವೇ. ಹೆಚ್ಚು ಹೊತ್ತು ತೆರೆದ ಹೊಟೇಲಿನಿಂದ ನಾಲ್ಕು ಮಂದಿಗೆ ಹೆಚ್ಚಾಗಿ ಕೆಲಸ ಸಿಕ್ಕೀತೆಂಬುದೂ ನಿಜ. ಆದರೆ ಆ ಲೋಟವನ್ನು ಮೇಜಿನ ಮೇಲಿಡುವ ಕೈಗೆ ಒಂದು ದೇಹವಿದೆ. ಆ ದೇಹದ ಲೆಕ್ಕವನ್ನು ಆದೇಶದಲ್ಲಿ ಹಿಡಿದಿಲ್ಲ.

ನಿದ್ರೆಗೂ ಹೃದಯಕ್ಕೂ ಇರುವ ನಂಟು ವೈದ್ಯರಿಗೆ ಹೊಸತಲ್ಲವಾದರೂ ಅದಕ್ಕೆ ಅಧಿಕೃತ ಸ್ಥಾನ ಸಿಕ್ಕಿದ್ದು ಈಚೆಗೆ. ಹೃದಯವನ್ನು ಕಾಪಾಡುವ ಏಳು ಸಂಗತಿಗಳ ಪಟ್ಟಿಯೊಂದನ್ನು ಅಮೆರಿಕದ ಹೃದಯ ಸಂಘವು 2010ರಲ್ಲಿ ಪ್ರಕಟಿಸಿತ್ತು. ಆಹಾರ, ವ್ಯಾಯಾಮ, ತಂಬಾಕಿನ ವರ್ಜನೆ, ತೂಕ, ಕೊಬ್ಬು, ಸಕ್ಕರೆ, ರಕ್ತದೊತ್ತಡ, ಇವೇ ಆ ಏಳು. 2022ರ ಜೂನ್ ತಿಂಗಳಲ್ಲಿ ಅದೇ ಸಂಘವು ಎಂಟನೆಯದಾಗಿ ನಿದ್ರೆಯನ್ನು ಸೇರಿಸಿತು. ಪ್ರಾಯದವರಿಗೆ ದಿನಕ್ಕೆ 7ರಿಂದ 9 ಗಂಟೆಯ ನಿದ್ರೆ ಬೇಕೆಂಬುದು ಅದರ ಸಲಹೆ.

ನಿದ್ರೆಯಲ್ಲಿ ಹೃದಯಕ್ಕೆ ಸಿಗುವುದೇನು? ಆರೋಗ್ಯವಂತನಾದವನು ಮಲಗಿದಾಗ ಅವನ ರಕ್ತದೊತ್ತಡವು ಹಗಲಿಗಿಂತ ನೂರಕ್ಕೆ 10ರಿಂದ 20ರಷ್ಟು ತಗ್ಗುತ್ತದೆ, ನಾಡಿ ನಿಧಾನವಾಗುತ್ತದೆ, ಮೈಯನ್ನು ಎಚ್ಚರದಲ್ಲಿಟ್ಟು ಓಡಿಸುವ ನರವ್ಯೂಹ ಸಡಿಲಗೊಳ್ಳುತ್ತದೆ. ಹಗಲಿಡೀ ಒತ್ತಡದಲ್ಲಿ ಬಿಗಿದ ರಕ್ತನಾಳಗಳಿಗೆ ಅದೇ ವಿಶ್ರಾಂತಿ. ಹೃದಯವೆಂಬುದು ಹುಟ್ಟಿದಂದಿನಿಂದ ರಜೆಯನ್ನೇ ಪಡೆಯದ ಆಳು. ಇರುಳಿನ ಈ ಇಳಿತವೊಂದೇ ಅದಕ್ಕೆ ದೊರೆಯುವ ಬಿಡುವು. ನಿದ್ರೆ ಮತ್ತೆ ಮತ್ತೆ ಮುರಿದರೆ ಪ್ರತಿಯೊಂದು ಎಚ್ಚರದೊಡನೆ ಒತ್ತಡವೂ ನಾಡಿಯೂ ಥಟ್ಟನೆ ಏರುತ್ತವೆ. ಎಚ್ಚರವಾದದ್ದು ಬೆಳಗ್ಗೆ ನೆನಪಿಗೇ ಬಾರದಿರಬಹುದು. ನಾಳಗಳಿಗೆ ಮಾತ್ರ ಅದರ ಪೆಟ್ಟು ತಾಗಿರುತ್ತದೆ. ಇರುಳಿನಲ್ಲಿ ಒತ್ತಡ ತಗ್ಗದೆ ಉಳಿಯುವವರಿಗೆ ಹೃದ್ರೋಗದ, ಪಾರ್ಶ್ವವಾಯುವಿನ ಭಯ ಹೆಚ್ಚೆಂಬುದನ್ನು ವೈದ್ಯರು ಬಹುಕಾಲದಿಂದ ಗಮನಿಸಿದ್ದಾರೆ.

ಹಾಗಾದರೆ ರಾತ್ರಿ ದುಡಿದು ಹಗಲಲ್ಲಿ ಎಂಟು ಗಂಟೆ ಮಲಗಿದರೆ ಲೆಕ್ಕ ಸರಿಯಾಯಿತಲ್ಲ ಎಂದು ಯಾರಾದರೂ ಕೇಳಬಹುದು. ಇಲ್ಲಿಯೇ ತೊಡಕಿರುವುದು. ದೇಹದೊಳಗೆ ಒಂದು ಗಡಿಯಾರವಿದೆ. ಮೆದುಳಿನ ತಳದಲ್ಲಿ, ಕಣ್ಣಿನಿಂದ ಬರುವ ನರಗಳು ಕೂಡುವ ಎಡೆಗೆ ಮೇಲ್ಗಡೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು ಬೆಳಕನ್ನು ನೋಡಿ ಹಗಲಿರುಳಿನ ವೇಳೆಯನ್ನು ಸಾರುತ್ತದೆ. ಹೃದಯ, ಯಕೃತ್ತು, ರಕ್ತನಾಳ, ಇವಕ್ಕೂ ತಮ್ಮ ತಮ್ಮ ಗಡಿಯಾರಗಳುಂಟು. ಅವು ಮುಖ್ಯ ಗಡಿಯಾರವನ್ನು ನೋಡಿ ಮುಳ್ಳು ತಿರುಗಿಸಿಕೊಳ್ಳುತ್ತವೆ. ಈ ಯಂತ್ರದ ಗುಟ್ಟನ್ನು ಬಿಡಿಸಿದ ಹಾಲ್, ರೋಸ್‌ಬಾಷ್ ಮತ್ತು ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಪಾಳಿ ಬದಲಾಯಿಸುವ ಮುಕಾದಮನ ಮಾತನ್ನು ಈ ಗಡಿಯಾರ ಕೇಳುವುದಿಲ್ಲ. ನಡುರಾತ್ರಿ ದೋಸೆ ಹುಯ್ಯುತ್ತಿರುವವನ ಮೈ ತಾನು ಮಲಗಿರಬೇಕೆಂದೇ ತಿಳಿದಿರುತ್ತದೆ. ನಡುಹಗಲಿನಲ್ಲಿ ಮಲಗಿದವನ ಮೈ ಎದ್ದು ಓಡಾಡಬೇಕೆಂದು ಹವಣಿಸುತ್ತದೆ. ಹಗಲುನಿದ್ರೆ ಗಿಡ್ಡವಾಗುವುದೂ ಹಗುರವಾಗುವುದೂ ಇದರಿಂದಲೇ. ಅದರ ಮೇಲೆ ಬೀದಿಯ ಹಾರ್ನಿನ ಹಾವಳಿ, ಪಕ್ಕದ ಖೋಲಿಯ ಟಿ.ವಿ., ತಗಡಿನ ಮಾಡಿನ ಸೆಕೆ.

2009ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹತ್ತು ಮಂದಿಯನ್ನು ಹೊರಬೆಳಕು ಕಾಣದ ಕೋಣೆಗಳಲ್ಲಿಟ್ಟು ಅವರ ನಿದ್ರೆಯ ವೇಳೆಯನ್ನು ಮೆಲ್ಲಮೆಲ್ಲನೆ ಜಾರಿಸಿದರು. ಒಳಗಡಿಯಾರಕ್ಕೂ ನಿದ್ರೆಗೂ ಪೂರ್ತಿ ಹನ್ನೆರಡು ಗಂಟೆಯ ಅಂತರ ಬಿದ್ದಾಗ ಅವರ ಸರಾಸರಿ ರಕ್ತದೊತ್ತಡವು ನೂರಕ್ಕೆ 3ರಷ್ಟೂ ರಕ್ತದ ಸಕ್ಕರೆಯು 6ರಷ್ಟೂ ಏರಿದ್ದು ಕಂಡುಬಂತು. ಹೊಟ್ಟೆ ತುಂಬಿತೆಂದು ತಿಳಿಸುವ ರಸವು 17ರಷ್ಟು ಇಳಿದಿತ್ತು. ಕೆಲವರ ಸಕ್ಕರೆಯಂತೂ ಊಟದ ಮೇಲೆ ಮಧುಮೇಹದ ಹೊಸ್ತಿಲನ್ನೇ ಮುಟ್ಟಿತ್ತು. ಆರೋಗ್ಯವಂತರಿಗೆ ಕೆಲವೇ ದಿನಗಳಲ್ಲಿ ಆದ ಅವಸ್ಥೆಯಿದು.

ಕೋಣೆಯ ಪ್ರಯೋಗವೊಂದು ಬಗೆ, ಬಾಳಿನ ಲೆಕ್ಕ ಇನ್ನೊಂದು ಬಗೆ. ಸ್ವೀಡನ್ ದೇಶದ ಕಾಗದದ ಗಿರಣಿಯೊಂದರ 504 ಮಂದಿಯನ್ನು ಹದಿನೈದು ವರ್ಷ ಗಮನಿಸಿ 1986ರಲ್ಲಿ ಪ್ರಕಟಿಸಿದ ವರದಿಯೊಂದು, ಪಾಳಿಯಲ್ಲಿ ದುಡಿದವರಿಗೆ ವರ್ಷಗಳು ಕಳೆದಂತೆ ಹೃದ್ರೋಗ ಹೆಚ್ಚಾಗುವುದನ್ನು ಮೊದಲು ಎತ್ತಿತೋರಿಸಿದವುಗಳಲ್ಲೊಂದು. 2012ರಲ್ಲಿ ಬ್ರಿಟಿಷ್ ವೈದ್ಯ ಪತ್ರಿಕೆಯಲ್ಲಿ 34 ಅಧ್ಯಯನಗಳನ್ನು, ಅಂದರೆ ಒಟ್ಟು ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಜನರ ವಿವರಗಳನ್ನು, ಕೂಡಿಸಿ ನೋಡಿದಾಗ ಪಾಳಿಯ ಕೆಲಸಗಾರರಲ್ಲಿ ಹೃದಯಾಘಾತವು ನೂರಕ್ಕೆ 23ರಷ್ಟು ಹೆಚ್ಚೆಂದು ಕಂಡುಬಂತು. ಈ ಅಂಕೆಯನ್ನು ತಪ್ಪಾಗಿ ಓದಬಾರದು. ನೂರು ಕೆಲಸಗಾರರಲ್ಲಿ 23 ಮಂದಿಗೆ ಹೃದಯ ನಿಲ್ಲುತ್ತದೆಂದು ಇದರ ಅರ್ಥವಲ್ಲ. ಹಗಲು ಕೆಲಸದವರಲ್ಲಿ 100 ಆಘಾತಗಳಾಗುವ ಕಡೆ ಅಷ್ಟೇ ಮಂದಿ ಪಾಳಿಯವರಲ್ಲಿ 123 ಆಗುತ್ತವೆ ಎಂದರ್ಥ. ಅಮೆರಿಕದ ಸುಮಾರು 1,89,000 ದಾದಿಯರನ್ನು 24 ವರ್ಷ ಅನುಸರಿಸಿ 2016ರಲ್ಲಿ ಹೊರಬಂದ ವರದಿಯಲ್ಲಿಯೂ ಅಪಾಯ ಏರಿತ್ತು, ಆದರೆ ಮಿತವಾಗಿ. ಇರುಳುಪಾಳಿಯನ್ನು ಬಿಟ್ಟು ವರ್ಷಗಳು ಕಳೆದಂತೆ ಅದು ಇಳಿಯುತ್ತ ಬಂದುದೂ ಅದರಲ್ಲಿ ತೋರಿತು. ಭಯಪಡಿಸುವವರೂ ಅಲಕ್ಷ್ಯಮಾಡುವವರೂ ಈ ವರದಿಯನ್ನು ಒಮ್ಮೆ ನೋಡುವುದೊಳ್ಳೆಯದು.

ಆದರೆ ನಮ್ಮ ಜನರ ಮಟ್ಟಿಗೆ ಮಿತವಾದ ಅಪಾಯವೂ ಮಿತವಾಗಿ ಉಳಿಯುವುದಿಲ್ಲ. 52 ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಿಂದ 2007ರಲ್ಲಿ ತೆಗೆದ ಲೆಕ್ಕದ ಪ್ರಕಾರ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತವಾಗುವ ನಡುಪ್ರಾಯ 53. ಇತರ ದೇಶದವರಿಗೆ ಸುಮಾರು 59. ಆರು ವರ್ಷ ಮುಂಚಿತವಾಗಿ ಬರುವ ಅತಿಥಿಗೆ ನಿದ್ದೆಗೇಡಿನ ಆಮಂತ್ರಣ ಬೇರೆ ಏಕೆ? 53ನೆಯ ವಯಸ್ಸೆಂದರೆ ಊರಿನಲ್ಲಿ ಮನೆಸಾಲ ತೀರದೆ, ಮಗಳ ಮದುವೆ ಮುಗಿಯದೆ, ಮಗನ ಓದಿಗೆ ತಿಂಗಳು ತಿಂಗಳು ಹಣ ಕಳಿಸುತ್ತಿರುವ ಕಾಲ.

ಇನ್ನು ಹೊಟೇಲಿನ ದಿನಚರಿಯನ್ನು ನೋಡೋಣ. ನಮ್ಮ ಹೊಟೇಲುಗಳಲ್ಲಿ ಎಷ್ಟೋ ಕಡೆ ಇರುಳುಪಾಳಿಯೆಂಬ ಹೆಸರೇ ಇಲ್ಲ. ಇರುವುದು ಒಡೆದ ದಿನ. ಇಡ್ಲಿಯ ಹಬೆ ಬೆಳಗ್ಗೆ ಐದಕ್ಕೆ ಏಳಬೇಕಾದರೆ ಒಲೆಯ ಮುಂದಿನವನು ನಾಲ್ಕಕ್ಕೆ ಏಳಬೇಕು. ಮಧ್ಯಾಹ್ನದ ಊಟದ ಗದ್ದಲ ಮುಗಿದು ಮೂರು ಗಂಟೆಗೆ ಬಿಡುವು; ಮತ್ತೆ ಐದಕ್ಕೆ ಸಂಜೆಯ ಗಿರಾಕಿ; ರಾತ್ರಿ ಹನ್ನೊಂದಕ್ಕೆ ಬಾಗಿಲು. ಪಾತ್ರೆ ತೊಳೆದು, ತಾನು ಉಂಡು, ಸ್ನಾನ ಮಾಡಿ ಒರಗುವಾಗ ಹನ್ನೆರಡು. ನಾಲ್ಕಕ್ಕೆ ಮತ್ತೆ ಕರೆ. ಇರುಳಿಗೆ ನಾಲ್ಕು ಗಂಟೆಯ ನಿದ್ರೆ. 1999ರಲ್ಲಿ ಷಿಕಾಗೋದಲ್ಲಿ ಹನ್ನೊಂದು ಮಂದಿ ತರುಣರಿಗೆ ಆರು ರಾತ್ರಿ ನಾಲ್ಕೇ ಗಂಟೆಯ ನಿದ್ರೆ ಕೊಟ್ಟು ನೋಡಿದಾಗ, ಸಕ್ಕರೆಯನ್ನು ಅರಗಿಸುವ ಅವರ ಶಕ್ತಿ ಮುದುಕರ ಮಟ್ಟಕ್ಕೆ ಕುಗ್ಗಿತ್ತು. ಅವರು ಆರು ರಾತ್ರಿ ಅನುಭವಿಸಿದ್ದನ್ನು ನಮ್ಮ ಹುಡುಗರು ಆರು ವರ್ಷ ಅನುಭವಿಸುತ್ತಾರೆ. ಮಧ್ಯಾಹ್ನದ ಎರಡು ಗಂಟೆಯ ಒರಗು ಸಾಲದ ಬಡ್ಡಿಯನ್ನು ತೀರಿಸೀತು, ಅಸಲನ್ನಲ್ಲ. ಆದರೂ ಅದನ್ನು ಆಲಸ್ಯವೆಂದು ಗದರಿಸಿ ಆ ಹೊತ್ತಿನಲ್ಲಿ ಬೇಳೆ ಆರಿಸಲು ಕೂರಿಸುವ ಯಜಮಾನರು ತಮ್ಮದೇ ಗಲ್ಲಾಕ್ಕೆ ತೂತು ಕೊರೆಯುವವರು.

ಗುಮಾಸ್ತರ ಪಾಡು ಬೇರೆ ತರಹದ್ದು. ವಿರಾರ, ಕಲ್ಯಾಣಗಳ ಕಡೆಯಿಂದ ಕೋಟೆಯ ಕಚೇರಿಗೆ ಬರುವವನು ನಳ್ಳಿಯ ನೀರಿಗೆಂದು ಐದಕ್ಕೆ ಏಳುತ್ತಾನೆ, ರಾತ್ರಿ ಒಂಬತ್ತಕ್ಕೆ ಮನೆ ಸೇರುತ್ತಾನೆ, ಆಮೇಲೆ ಕೈಯಲ್ಲಿ ಮೊಬೈಲು ಹಿಡಿದು ಹನ್ನೆರಡಾಗಿಸುತ್ತಾನೆ. ಭಾನುವಾರ ಮಾತ್ರ ಹತ್ತರವರೆಗೆ ಏಳುವುದಿಲ್ಲ. ಬಾಕಿ ತೀರಿತೆಂದು ಅವನ ನಂಬಿಕೆ. ಅಮೆರಿಕದಲ್ಲಿ 45 ವಯಸ್ಸು ಮೀರಿದ 1,992 ಮಂದಿಯ ಮಣಿಕಟ್ಟಿಗೆ ಒಂದು ವಾರ ಯಂತ್ರ ಕಟ್ಟಿ ನಿದ್ರೆಯನ್ನಳೆದು, ಮುಂದೆ ಸುಮಾರು ಐದು ವರ್ಷ ಅವರ ಆರೋಗ್ಯವನ್ನು ಗಮನಿಸಿದ ವರದಿ 2020ರಲ್ಲಿ ಹೊರಬಂತು. ರಾತ್ರಿಯಿಂದ ರಾತ್ರಿಗೆ ನಿದ್ರೆಯ ಅವಧಿಯಲ್ಲಿ ಎರಡು ಗಂಟೆಗೂ ಮಿಕ್ಕಿದ ಏರುಪೇರಿದ್ದವರಿಗೆ, ಒಂದು ಗಂಟೆಯೊಳಗಿನ ಏರುಪೇರಿದ್ದವರಿಗಿಂತ, ಹೃದಯ ಮತ್ತು ರಕ್ತನಾಳದ ಕಾಯಿಲೆಗಳು ಇಮ್ಮಡಿಗೂ ಹೆಚ್ಚಾಗಿ ಬಂದಿದ್ದವು. ಎಷ್ಟು ಮಲಗಿದೆವೆಂಬುದರ ಜತೆಗೆ ವೇಳೆ ತಪ್ಪದೆ ಮಲಗಿದೆವೆ ಎಂಬುದನ್ನೂ ಹೃದಯ ಎಣಿಸುತ್ತದೆಯೆಂದಾಯಿತು. ಈ ವಾರ ಹಗಲು, ಬರುವ ವಾರ ರಾತ್ರಿ ಎಂದು ಪಾಳಿಯನ್ನು ಉರುಳಿಸುವ ಪದ್ಧತಿಗೂ ಇದು ಎಚ್ಚರಿಕೆ.

ಗೊರಕೆಯ ಮಾತನ್ನೂ ಇಲ್ಲಿ ಹೇಳಬೇಕು. ಅದನ್ನು ನಗೆಯ ವಿಷಯವೆಂದು ತಳ್ಳುವುದೇ ಹೆಚ್ಚು. ಒಂದೇ ಖೋಲಿಯಲ್ಲಿ ಎಂಟು ಮಂದಿ ಮಲಗುವಾಗ ಯಾರ ಗೊರಕೆ ಹೇಗೆಂಬುದು ಉಳಿದೇಳು ಮಂದಿಗೆ ಬಾಯಿಪಾಠ. ಆ ಗೊರಕೆ ಇದ್ದಕ್ಕಿದ್ದಂತೆ ನಿಂತು, ಹತ್ತಿಪ್ಪತ್ತು ಸೆಕೆಂಡು ಉಸಿರೇ ಕೇಳದೆ, ಬಳಿಕ ಗಕ್ಕನೆ ಉಸಿರೆಳೆದು ಮತ್ತೆ ಆರಂಭವಾದರೆ ಅದು ರೋಗ. ನಿದ್ರೆಯಲ್ಲಿ ಉಸಿರುದಾರಿ ಮುಚ್ಚಿ ಪ್ರಾಣವಾಯು ಕಡಿಮೆಯಾಗಿ, ಹೃದಯ ಗಾಬರಿಗೊಂಡು ಮೈಯನ್ನು ಎಬ್ಬಿಸುತ್ತಿರುತ್ತದೆ. ರಕ್ತದೊತ್ತಡ, ಹೃದ್ರೋಗಗಳಿರುವವರಲ್ಲಿ ನೂರಕ್ಕೆ 40ರಿಂದ 80 ಮಂದಿಗೆ ಈ ತೊಂದರೆಯಿದೆಯೆಂದು ಮೇಲೆ ಹೇಳಿದ ಹೃದಯ ಸಂಘವೇ 2021ರಲ್ಲಿ ತಿಳಿಸಿತು. ಹಗಲಿಡೀ ಗಲ್ಲಾದ ಮೇಲೆ ತೂಕಡಿಸುವ ಸ್ಥೂಲದೇಹದ ಯಜಮಾನರೂ ಇದನ್ನು ಓದಲಿ. ಗೊರಕೆಯವನಿಗೆ ತನ್ನ ಗೊರಕೆ ಕೇಳದು. ಪಕ್ಕದಲ್ಲಿ ಮಲಗಿದವನು ಹೇಳಬೇಕು.

ಇಷ್ಟೆಲ್ಲ ಕತ್ತಲೆಯ ಸುದ್ದಿಯ ನಡುವೆ ಕೆಲಸಕ್ಕೆ ಬರಬಹುದಾದ ಒಂದು ಸಂಗತಿ 2025ರ ಏಪ್ರಿಲಿನಲ್ಲಿ ಪ್ರಕಟವಾಯಿತು. ಅದೇ ಬಾಸ್ಟನ್ನಿನಲ್ಲಿ 20 ಮಂದಿ ಆರೋಗ್ಯವಂತರಿಂದ ಕೃತಕವಾಗಿ ಇರುಳುಪಾಳಿ ಮಾಡಿಸಿದರು. ಒಂದು ಗುಂಪು ಹಗಲೂ ರಾತ್ರಿಯೂ ಉಂಡಿತು. ಇನ್ನೊಂದು ಗುಂಪಿಗೆ ಊಟ ಹಗಲಿನಲ್ಲಿ ಮಾತ್ರ. ರಾತ್ರಿ ಉಂಡವರಲ್ಲಿ ಹೃದಯದ ನರಗಳ ಹಿಡಿತ ಕೆಟ್ಟು, ರಕ್ತ ಹೆಪ್ಪುಗಟ್ಟಿಸುವ ಅಂಶ ಹೆಚ್ಚಿತು; ಹಗಲಲ್ಲಿ ಮಾತ್ರ ಉಂಡವರಲ್ಲಿ ಅವು ಹೆಚ್ಚುಕಡಿಮೆ ಇದ್ದಂತೆಯೇ ಉಳಿದವು. ಇಪ್ಪತ್ತೇ ಮಂದಿಯ ಪ್ರಯೋಗವಾದ್ದರಿಂದ ಇದನ್ನೇ ವೇದವಾಕ್ಯವೆನ್ನಲಾಗದು. ಆದರೆ ಹೊಟೇಲಿನಲ್ಲಿ ಬಾಗಿಲು ಮುಚ್ಚಿದ ಬಳಿಕ ಉಳಿದ ಅನ್ನ, ಸಾಂಬಾರು, ಕರಿದ ತಿಂಡಿಗಳನ್ನು ಹನ್ನೆರಡು ಗಂಟೆಗೆ ಹೊಟ್ಟೆತುಂಬ ಉಂಡು, ಕೂಡಲೆ ಮಲಗುವ ಪದ್ಧತಿಯನ್ನು ಬದಲಿಸಲು ಕಾಸಿನ ಖರ್ಚಿಲ್ಲ. ಕೆಲಸಗಾರರ ರಾತ್ರಿಯೂಟವನ್ನು ಸಂಜೆ ಏಳರೊಳಗೆ, ಗಿರಾಕಿಗಳ ಊಟದ ಗದ್ದಲಕ್ಕೆ ಮುಂಚೆ, ಬಡಿಸಿಬಿಟ್ಟರಾಯಿತು. ಚಹದ ಮಾತೂ ಹಾಗೆಯೇ. ಒಳಗಿಳಿದ ಚಹದ ಚುರುಕಿನಲ್ಲಿ ಅರ್ಧದಷ್ಟು ಕರಗಲು ಸುಮಾರು ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಕುಡಿದ ಲೋಟ ನಡುರಾತ್ರಿಯಾಚೆಗೂ ಕಾವಲು ಕಾಯುತ್ತದೆ.

ಕಾನೂನಿಗೆ ಮರಳೋಣ. 2017ರ ಕಾಯಿದೆಯು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ ಎಂದಷ್ಟೇ ಹೇಳಿ ನಿಲ್ಲಲಿಲ್ಲ. ನಡುವಿನ ಬಿಡುವನ್ನೂ ಸೇರಿಸಿ ಕೆಲಸದ ಮೊದಲಿನಿಂದ ಕೊನೆಯವರೆಗಿನ ಹರವು ಹತ್ತೂವರೆ ಗಂಟೆಯನ್ನು ಮೀರಬಾರದು, ಬಿಟ್ಟು ಬಿಟ್ಟು ನಡೆಯುವ ಕೆಲಸಕ್ಕೆ ಅಥವಾ ತುರ್ತಿಗೆ ಹನ್ನೆರಡನ್ನು ಮೀರಬಾರದು ಎಂದು ವಿಧಿಸಿತು. ಮೇಲೆ ವರ್ಣಿಸಿದ ಒಡೆದ ದಿನದ ಹರವನ್ನು ವಾಚಕರೇ ಎಣಿಸಲಿ: ಬೆಳಗ್ಗೆ ನಾಲ್ಕರಿಂದ ರಾತ್ರಿ ಹನ್ನೊಂದರವರೆಗೆ 19 ಗಂಟೆ. ಎಂದರೆ ಕೆಲಸಗಾರನಿಗೆ ನಿದ್ರೆ ಕೊಡುವ ಕಾನೂನು ಆಗಲೇ ಇತ್ತು. ಅದನ್ನು ಅನ್ವಯಿಸುವವರು ಇರಲಿಲ್ಲ. ಅದರ ಮೇಲೆ 2017ರ ಕಾಯಿದೆಯಲ್ಲಿ ಈ ಕಟ್ಟಳೆಗಳು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಮಾತ್ರ ಇದ್ದವು. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಒಪ್ಪಿದ ತಿದ್ದುಪಡಿಯಲ್ಲಿ ಆ ಹತ್ತನ್ನು ಇಪ್ಪತ್ತಕ್ಕೆ ಏರಿಸುವ ಮಾತಿತ್ತು. ದುಡಿಮೆಯ ಗಂಟೆ ಒಂದು ಹೆಚ್ಚಿದ್ದರ ಬಗ್ಗೆ ಕಾರ್ಮಿಕ ಸಂಘಗಳು ಕೂಗೆಬ್ಬಿಸುವುದು ಸಹಜ. ನಮಗೆ ಈ ಹತ್ತು-ಇಪ್ಪತ್ತರ ಬದಲಾವಣೆಯೇ ಹೆಚ್ಚು ಘನವಾದದ್ದೆಂದು ತೋರುತ್ತದೆ. ನಮ್ಮವರ ಹೊಟೇಲುಗಳಲ್ಲಿ ಹತ್ತಕ್ಕೂ ಇಪ್ಪತ್ತಕ್ಕೂ ನಡುವಿನವು ಎಷ್ಟೆಂಬುದನ್ನು ಮಾಟುಂಗದಿಂದ ಮುಲುಂಡದವರೆಗೆ ಒಮ್ಮೆ ನಡೆದು ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಯುರೋಪಿನ ದೇಶಗಳ ಒಕ್ಕೂಟವು 2003ರ ನಿಯಮದಲ್ಲಿ ಇದನ್ನೇ ತಿರುಗಿಸಿ ಹೇಳಿದೆ. ದುಡಿಮೆಯ ಗಂಟೆಯ ಜತೆಗೆ ಬಿಡುವಿನ ಗಂಟೆಯನ್ನೂ ಅಲ್ಲಿ ಎಣಿಸುತ್ತಾರೆ; ಯಾವ ಕೆಲಸಗಾರನಿಗಾದರೂ ಪ್ರತಿ 24 ಗಂಟೆಯಲ್ಲಿ ಸತತ 11 ಗಂಟೆಯ ವಿರಾಮ ಸಿಗಬೇಕು; ಇರುಳು ದುಡಿಯುವವನಿಗೆ ಆ ಕೆಲಸಕ್ಕೆ ಹಚ್ಚುವ ಮೊದಲೂ ಆಮೇಲೆ ಆಗಾಗಲೂ ಉಚಿತ ವೈದ್ಯಪರೀಕ್ಷೆಯಾಗಬೇಕು. ನಮ್ಮ 2025ರ ಆದೇಶದಲ್ಲಿ ವಾರಕ್ಕೊಮ್ಮೆ ಸತತ 24 ಗಂಟೆಯ ರಜೆಯ ಷರತ್ತಿದೆ. ಅದು ಒಳ್ಳೆಯದೇ. ಆದರೆ ಆರು ದಿನ ನಾಲ್ಕು ಗಂಟೆ ಮಲಗಿ ಏಳನೆಯ ದಿನ ಸತ್ತಂತೆ ಬೀಳುವ ನಿದ್ರೆಯನ್ನು ಹೃದಯ ಹೇಗೆ ಎಣಿಸುತ್ತದೆಂಬುದನ್ನು ಆಗಲೇ ನೋಡಿದೆವು.

ಯಜಮಾನರ ಪಕ್ಷವನ್ನೂ ಕೇಳಬೇಕು. ಅವರಲ್ಲಿ ಅನೇಕರು ತಟ್ಟೆ ತೊಳೆದು ಮೇಲೆ ಬಂದವರು. ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮೂರು ನಾಲ್ಕು ಗಂಟೆ ಮಲಗಿ ಬೆಳೆದವರು. "ನಾವು ನಿದ್ದೆಗೆಟ್ಟೇ ಇಷ್ಟು ಮಾಡಿದೆವು, ಈಗಿನ ಹುಡುಗರಿಗೇನು ಧಾಡಿ?" ಎನ್ನುವ ಮಾತು ಅವರ ಬಾಯಲ್ಲಿ ಬರುವುದುಂಟು. ಆ ಸಾಹಸವನ್ನು ನಾವು ಗೌರವಿಸುತ್ತೇವೆ. ಆದರೆ ಹಾಗೆ ಹೇಳಲು ಉಳಿದವರು ಬದುಕುಳಿದವರು. ಐವತ್ತರೊಳಗೆ ಎದೆಹಿಡಿದು ಕುಸಿದವರ ಸಾಕ್ಷ್ಯ ನಮಗೆ ಸಿಗುವುದಿಲ್ಲ. ಬಾಡಿಗೆಯೂ ಗ್ಯಾಸಿನ ಬೆಲೆಯೂ ಹಿಂಡುತ್ತಿರುವಾಗ ಮೂರು ಪಾಳಿಗೆ ಮೂರು ತಂಡವಿಡುವುದು ಸಣ್ಣ ಹೊಟೇಲಿಗೆ ಆಗದ ಮಾತೆಂಬುದೂ ನಿಜವೇ. ಹಾಗಾದರೆ 24 ಗಂಟೆ ತೆರೆಯುವ ಹುಮ್ಮಸ್ಸನ್ನು ಬಿಡಬೇಕು. ತೆರೆಯಬಹುದೆಂದು ಸರಕಾರ ಹೇಳಿದೆ; ತೆರೆಯಲೇಬೇಕೆಂದು ಹೇಳಿಲ್ಲ. ತೆರೆಯುವವರು ಇರುಳಿನ ತಂಡವನ್ನು ಬೇರೆಯಾಗಿಡಲಿ, ಅದನ್ನು ವಾರ ವಾರ ಬದಲಿಸದಿರಲಿ, ಹಗಲಲ್ಲಿ ಮಲಗಲು ಅವರಿಗೊಂದು ಕತ್ತಲೆಯ ಕೋಣೆ ಕೊಡಲಿ. ಕಿಟಕಿಗೆ ಒಂದು ದಪ್ಪ ಪರದೆ, ಒಂದು ಬೀಸಣಿಗೆ, ಇಷ್ಟು ಸಾಕು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಲ್ಲಿ 40 ವರ್ಷ ಮೀರಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯ ಭರವಸೆಯಿದೆ. ಇ.ಎಸ್.ಐ. ಕಾರ್ಡಿರುವವರಿಗೆ ಮೊದಲೇ ಒಂದು ಬಾಗಿಲು ತೆರೆದಿದೆ. ತಪಾಸಣೆಗೆ ಹೋದಾಗ ವೈದ್ಯರು ಕೇಳದಿದ್ದರೂ ಎರಡು ಮಾತು ತಾವಾಗಿ ಹೇಳಬೇಕು: ಎಷ್ಟು ಗಂಟೆಗೆ ಮಲಗುತ್ತೇನೆ, ಎಷ್ಟು ಗಂಟೆಗೆ ಏಳುತ್ತೇನೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ಇನ್ನೊಂದನ್ನು ಕೇಳಬೇಕು. ಚೀಟಿಯಲ್ಲಿ 'ಬೆಳಗ್ಗೆ ಒಂದು' ಎಂದು ಬರೆದಿರುತ್ತದೆ. ಬೆಳಗ್ಗೆ ಏಳಕ್ಕೆ ಮಲಗುವವನಿಗೆ ಬೆಳಗ್ಗೆ ಎಂದರೆ ಯಾವುದು? ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಮಾತ್ರೆಯನ್ನು ಬೆಳಗ್ಗೆ ನುಂಗಿದರೂ ಸಂಜೆ ನುಂಗಿದರೂ ಹೃದಯಕ್ಕೆ ಆಗುವ ಲಾಭ ಒಂದೇ ಎಂದು 2022ರಲ್ಲಿ ಗೊತ್ತಾಗಿದೆ. ಆದಕಾರಣ, ವೈದ್ಯರು ಬೇರೆ ಹೇಳದಿದ್ದರೆ, ಕೆಲಸಕ್ಕೆ ಹೊರಡುವ ಮುನ್ನವೋ ಮುಗಿಸಿ ಬಂದ ಮೇಲೋ, ಮರೆಯದೆ ನುಂಗಲಾಗುವ ಒಂದೇ ಹೊತ್ತನ್ನು ಗೊತ್ತುಮಾಡಿಕೊಂಡು ಅದನ್ನು ಪಾಲಿಸಬಹುದು.